‘ನಮ್ಮ ಮನಿ ಮಂದಿ’ ಗ್ರೂಪಿನ್ಯಾಗ ಅಪ್ಪೂನ ಹಲ್ಲು

ಬಸಣ್ಣ ಕಾಕಾ: 🙏 ಮಕ್ಕಳ ಮುಂದಿನ ಹಲ್ಲು ಬರದಿದ್ದರೆ ಗಾಬರಿ ಬೇಡ! ಒಸಡಿಗೆ ಅರಿಶಿನ-ಜೇನು ತಿಕ್ಕಿ, 12 ವರ್ಷದವರೆಗೆ ಕಾಯಿರಿ. ಎಕ್ಸ್‌ರೇ ತೆಗೆಸಿದರೆ ಬೇರು ಸುಡುತ್ತದೆ. 10 ಗುಂಪಿಗೆ ಕಳಿಸಿ.
ಬಸಣ್ಣ ಕಾಕಾ: ಸವಿತಾ, ಅಪ್ಪೂನ ಸಲುವಾಗಿ ಹಾಕೀನಿ ನೋಡವಾ

ಮಂಜು: ಕಾಕಾ ಬರದಾವ್ರು ಯಾರು? ಯಾವ ಡಾಕ್ಟರು?

ಬಸಣ್ಣ ಕಾಕಾ: ನಮ್ಮ ಪೆನ್ಶನ್‌ದವರ ಗ್ರೂಪಿನ್ಯಾಗ ಬಂದೈತಿ, ಎಲ್ಲಾ ಓದಿದ ಮಂದಿ

ಮಂಜು: ಶುಗರ್‌ಗೆ ಬೆಂಡಿಕಾಯಿ ನೀರು ಕಳಿಸಿದ್ರಲ್ಲ ಅವ್ರನ?

ದೊಡ್ಡವ್ವ: ಹಿರ್ಯಾರ ಜೋಡಿ ಹಿಂಗ ಮಾತಾಡಬಾರ್ದು ಮಂಜು. ನಮ್ಮ ಕಾಲಕ್ಕ ಹಲ್ಲ ತಾವ ಬರ್ತಿದ್ದುವು. ಈಗಿನ ಹುಡುಗ್ರಿಗೆ ಕಟಕ್ ರೊಟ್ಟಿ ಕಡಿಯಾಕ ಬರಂಗಿಲ್ಲ

ಪ್ರವೀಣ: 😂 ಗದಗಿನ ಹಳೇ ಮನಿ ನೆನಪಾತು ದೊಡ್ಡವ್ವ, ಹಲ್ಲ ಬಿದ್ರ ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲ ಒಗೀತಿದ್ವಿ, ನಂದೊಂದು ಹೋಗಿ ಅಜ್ಜಿ ಒಣಾಕ ಹಾಕಿದ್ದ ಸಂಡಿಗ್ಯಾಗ ಬಿದ್ದಿತ್ತು

ಸುಮಾ ಅತ್ತಿ: ನಮ್ಮ ಪಿಂಕಿಗೂ ಮುಂದ ಸಂದಿ ಇತ್ತು ತಾನ ಕೂಡ್ತು

ಸವಿತಾ: ಅತ್ತಿ ಅದು ಬ್ಯಾರೆ. ಮುಂದಿನ ಎರಡೂ ಹಲ್ಲ ಬಂದು ನಡುವ ಸಣ್ಣ ಸಂದಿ ಇದ್ರ ಕೋರೆಹಲ್ಲ ಬರೂದ್ರಾಗ ಭಾಳ ಮಂದಿಗೆ ಕೂಡತೈತಿ. ಅಪ್ಪೂಗ ಎಂಟೂವರಿ, ಬಲಗಡೆದು ಬಂದು ವರ್ಷಾತು, ಎಡಗಡೆದು ಪತ್ತೇನ ಇಲ್ಲ, ಬಾಜೂಕಿನ ಸಣ್ಣ ಹಲ್ಲ ಬಂದು ಆ ಜಾಗಾಕ್ಕ ವಾಲಾಕತ್ತೈತಿ. ಜೋಡಿ ಹಲ್ಲ ಬಂದು ಆರು ತಿಂಗಳಾದ್ರೂ ಇನ್ನೊಂದು ಬರಲಿಲ್ಲಂದ್ರ ಕಾಯಬಾರದಂತ. ನಿನ್ನೆ ಧಾರವಾಡದಾಗ ಎಕ್ಸ್‌ರೇ ತಗಸಿದ್ವಿ, ಏನೂ ಸುಟ್ಟಿಲ್ಲ ಕಾಕಾ

ಮಂಜು: ಹೆಚ್ಚಿನ ಹಲ್ಲೇನರ ಅಡ್ಡ ಐತೇನ್ ವಯ್ನಿ? ನಮ್ಮ ಆಫೀಸ್‌ನ್ಯಾಗ ಒಬ್ಬರ ಮಗಳಿಗೆ ಅದನ್ನ ತಗದ ಮ್ಯಾಲ ತಾನ ಇಳೀತು

ಸವಿತಾ: ಇಲ್ಲ, ಹಲ್ಲ ಒಳಗ ಐತಿ, ಬೇರು ಬಾಗೈತಿ. ಸಣ್ಣಾಂವ ಇದ್ದಾಗ ಹಾಲಹಲ್ಲಿಗೆ ಪೆಟ್ಟು ಬಿದ್ದಿತ್ತೇನು ಅಂತ ಕೇಳಿದ್ರು

(ಹಲ್ಲಿನ ಮಾತಿನ ನಡುವ ಜಗಳಾನೂ ಚಾಲೂ ಆತು.)

ಸುಮಾ ಅತ್ತಿ: ಬೀಳದ ಏನು! ಸಿದ್ಧಾರೂಢಜ್ಜನ ಜಾತ್ರಿಗೆ ಹೋಗುವಾಗ ಪ್ರವೀಣ ಬೈಕಿನ ಟ್ಯಾಂಕ್ ಮ್ಯಾಲ ಕುಂದ್ರಿಸಿಕೊಂಡು ಗಪ್ಪನ ಬ್ರೇಕ್ ಹಾಕ್ಯಾನ, ಹಾಲಹಲ್ಲ ಒಸಡಿನ್ಯಾಗ ಹೊಕ್ಕಿತ್ತು

ಪ್ರವೀಣ: ಟ್ಯಾಂಕ್ ಮ್ಯಾಲ ಕುಂದ್ರಸು ಅಂದಾವ್ರು ನೀವ ಅತ್ತಿ

ಬಸಣ್ಣ ಕಾಕಾ: ಆ ಗಾಡಿಗೆ ನಾ ಕೊಟ್ಟ 20,000 ಇನ್ನೂ ಬಂದಿಲ್ಲ

ಮಂಜು: ಟ್ರೀಟ್‌ಮೆಂಟ್ ಏನಂತ?

ಸವಿತಾ: ಮೊದಲ ತಂತಿ ಹಾಕಿ ಜಾಗ ಮಾಡ್ತಾರಂತ, ಆಮ್ಯಾಲ ಒಸಡು ಬಿಡಿಸಿ ಹಲ್ಲಿಗೆ ಸಣ್ಣ ಸರಪಳಿ ಅಂಟಿಸಿ ನಿಧಾನಕ ಎಳೀತಾರ, ತಿಂಗಳಗಟ್ಲೆ ಹಿಡಿತೈತಿ. ಬೇರು ಭಾಳ ಬಾಗಿದ್ರ ಹಲ್ಲ ತಗೀಬೇಕಾಗಬಹುದು, ಅದಕ್ಕ ಸ್ಕ್ಯಾನ್

ದೊಡ್ಡವ್ವ: ಸರಪಳಿ ಎಂಥಾದು

ಸವಿತಾ: ಬಂಗಾರದ್ದೂ ಇರ್ತಾವಂತ ದೊಡ್ಡವ್ವ

ದೊಡ್ಡವ್ವ: ಬಂಗಾರ ಅಂದಕೂಡ್ಲೆ ನೆನಪಾತು, ಸುಮಾ, ಪಿಂಕಿ ಮದವಿಗೆ ಒಯ್ದ ನನ್ನ ಬೋರಮಾಳ ಸರ ಎಲ್ಲೈತಿ?

ಸುಮಾ ಅತ್ತಿ ಗ್ರೂಪ್ ಬಿಟ್ಟಿದ್ದಾರೆ

ಸವಿತಾ: ಗುರುವಾರ ಸ್ಕ್ಯಾನ್ ಐತಿ, ಯಾರರ ಕರಕೊಂಡು ಹೋಗ್ತೀರೇನು? ಇವರಿಗೆ ರಜಾ ಇಲ್ಲ

ಪ್ರವೀಣ: ನಾ ಬರ್ತೀನಿ ವಯ್ನಿ

ಸವಿತಾ: ಬಸ್ಸಿನ್ಯಾಗ ಹೋಗೂಣು