‘ದಟ್ಟಣೆ ಕುಸಿತ’ ಅಂದರೆ ದಟ್ಟಣೆ ಇಳಿಯಿತು ಅಂತಲೇ ಅಲ್ವಾ?

ಎಲ್ಲರಿಗೂ ನಮಸ್ಕಾರ.

ನೆಟ್‌ವರ್ಕ್ ಕಂಜೆಶನ್ ಬಗ್ಗೆ ಕನ್ನಡದಲ್ಲಿ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಓದುವವರು ಇಲ್ಲೇ ಬೆಂಗಳೂರಿನ ಡಿಪ್ಲೊಮಾ ಹುಡುಗ ಹುಡುಗಿಯರು. ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಓಡುವ ಪ್ರೊಸೆಸ್‌ಗಳು ಒಂದಕ್ಕೊಂದು ಸಂದೇಶ ಕಳಿಸುವಾಗ ನಡುವಿನ ದಾರಿ ಕಟ್ಟಿಕೊಳ್ಳದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಕಂಜೆಶನ್‌ಗೆ ‘ದಟ್ಟಣೆ’ ಅಂತ ಇಟ್ಟುಕೊಂಡಿದ್ದೇನೆ. ಸಂಚಾರ ದಟ್ಟಣೆ, ದಟ್ಟಣೆ ಶುಲ್ಕ ಅಂತ ಪೇಪರಿನಲ್ಲಿ ಓದುವ ಊರಿನವರಿಗೆ ಬೇರೆ ವಿವರಣೆ ಬೇಕಿಲ್ಲ. ಆದರೂ ಕೆಲವು ಕಡೆ ಪದ ಕೈಕೊಡುತ್ತಿದೆ.

ಮುಖ್ಯವಾಗಿ ‘ಕಂಜೆಶನ್ ಕೊಲ್ಯಾಪ್ಸ್’. 1984ರಲ್ಲಿ ಜಾನ್ ನೇಗಲ್ ಅನ್ನುವ ಇಂಜಿನಿಯರ್ ಬರೆದ ಟಿಪ್ಪಣಿಯಲ್ಲೇ ಈ ಮಾತು ಇದೆ. ಇದನ್ನು ‘ದಟ್ಟಣೆ ಕುಸಿತ’ ಅಂದುಬಿಟ್ಟರೆ ಬೆಲೆ ಕುಸಿತ, ಅಂತರ್ಜಲ ಕುಸಿತದ ಹಾಗೆ ದಟ್ಟಣೆಯೇ ಕಡಿಮೆಯಾಯಿತು ಅಂತ ಓದಿಕೊಳ್ಳುತ್ತಾರೆ. ಸಿಲ್ಕ್ ಬೋರ್ಡಿನಲ್ಲಿ ದಟ್ಟಣೆ ಕುಸಿತ ಅಂದರೆ ನಾವು ಖುಷಿಪಡುತ್ತೇವೆ ತಾನೆ? ನಿಜದಲ್ಲಿ ನಡೆಯುವುದು ಪೂರ್ತಿ ಉಲ್ಟಾ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಬಿತ್ತು. ಎರಡರ ನಡುವಿನ ದೂರ ಬರೀ 400 ಗಜ! ಪ್ಯಾಕೆಟ್‌ಗಳು (ಸಂದೇಶವನ್ನು ಒಡೆದು ಕಳಿಸುವ ತುಂಡುಗಳು) ಸಾಲಿನಲ್ಲಿ ನಿಂತು ತಡವಾದರೆ, ಕಳಿಸಿದ ಕಡೆಯವರು ಅವು ಕಳೆದೇಹೋದವು ಅಂದುಕೊಂಡು ಮತ್ತೆ ಕಳಿಸುತ್ತಾರೆ. ಸಾಲು ಇನ್ನೂ ಉದ್ದವಾಗುತ್ತದೆ, ಮತ್ತೆ ಕಳಿಸುತ್ತಾರೆ. ಜಾಲವೇನೋ ತುಂಬಿ ತುಳುಕುತ್ತಿರುತ್ತದೆ, ಆದರೆ ಉಪಯೋಗಕ್ಕೆ ಬರುವ ಮಾಹಿತಿ ತಲುಪುವುದೇ ಇಲ್ಲ. ಅಂದರೆ ಕುಸಿಯುವುದು ದಟ್ಟಣೆಯಲ್ಲ, ಜಾಲದ ಕೆಲಸ. ‘ದಟ್ಟಣೆಯಿಂದ ಜಾಲ ಕುಸಿತ’ ಅಂತ ಬರೆದು ನೋಡಿದೆ. ಅರ್ಥ ಸರಿ, ಆದರೆ ಪಾರಿಭಾಷಿಕ ಪದಕ್ಕೆ ಉದ್ದವಾಯಿತು. ‘ಜಾಲ ಕುಸಿತ’ ಅಂತ ಮೊಟಕು ಮಾಡಿದರೆ ಕಾರಣವೇ ಬಿಟ್ಟುಹೋಗುತ್ತದೆ. ಕೇಬಲ್ ಕಡಿದರೂ ಜಾಲ ಕುಸಿಯುತ್ತದಲ್ಲ.

ಇನ್ನೊಂದು ತೊಡಕು. ಹಬ್ಬದ ಹೊತ್ತಿಗೆ ‘ಪ್ರಯಾಣಿಕರ ದಟ್ಟಣೆ ಇರುವುದರಿಂದ ಹೆಚ್ಚುವರಿ ಬಸ್’ ಅಂತ ಸುದ್ದಿ ಬರುತ್ತದೆ. ಅಲ್ಲಿ ದಟ್ಟಣೆ ಅಂದರೆ ಜನ ಜಾಸ್ತಿ ಅಂತಷ್ಟೇ, ಯಾರೂ ಸಿಕ್ಕಿಹಾಕಿಕೊಂಡಿಲ್ಲ. ಜಾಲದಲ್ಲಿ ಇವೆರಡನ್ನೂ ಬೇರೆ ಇಡಲೇಬೇಕು. ಕೆಲಸ ಜಾಸ್ತಿ ಇದ್ದರೂ ಸರಾಗವಾಗಿ ಸಾಗುತ್ತಿದ್ದರೆ ಅದು ಬರೀ ಹೊರೆ. ಪ್ಯಾಕೆಟ್‌ಗಳನ್ನು ಮುಂದಿನ ದಾರಿಗೆ ಕಳಿಸುವ ರೂಟರಿನ ಬಫರಿನಲ್ಲಿ, ಅಂದರೆ ಅವು ಕಾಯುವ ಜಾಗದಲ್ಲಿ, ಸಾಲು ಬೆಳೆಯುತ್ತಲೇ ಹೋದಾಗ ಅದು ಕಂಜೆಶನ್. ‘ಇಕ್ಕಟ್ಟು’ ಹತ್ತಿರ ಬರುತ್ತದೆ, ಆದರೆ ‘ಸರ್ವರ್ ಇಕ್ಕಟ್ಟಿಗೆ ಸಿಲುಕಿತು’ ಅಂದರೆ ರಾಜಕಾರಣದ ಸುದ್ದಿಯ ಹಾಗೆ ಕೇಳಿಸುತ್ತದೆ. ‘ನೂಕುನುಗ್ಗಲು’ ಜನಕ್ಕೇ ಸರಿ. ಸದ್ಯಕ್ಕೆ ಲೋಡ್‌ಗೆ ಹೊರೆ, ಕಂಜೆಶನ್‌ಗೆ ದಟ್ಟಣೆ ಅಂತ ಗೆರೆ ಎಳೆದಿದ್ದೇನೆ.

ಫ್ಲೋ ಕಂಟ್ರೋಲ್‌ಗೆ ‘ಹರಿವಿನ ಹತೋಟಿ’, ಇದರಲ್ಲಿ ತಕರಾರಿಲ್ಲ. ಪಡೆಯುವವನು ‘ನನಗೆ ಇಷ್ಟೇ ಸಾಕು’ ಅನ್ನುವುದು ಹರಿವಿನ ಹತೋಟಿ. ನಡುವಿನ ದಾರಿ ಎಷ್ಟು ತಾಳುತ್ತದೆ ಅಂತ ಕಳಿಸುವವನೇ ಊಹಿಸಿ ಕೈ ಬಿಗಿಹಿಡಿಯುವುದು ದಟ್ಟಣೆಯ ಹತೋಟಿ. ಉತ್ತರಕ್ಕೆ ಕಾಯದೆ ಒಟ್ಟಿಗೆ ಎಷ್ಟು ಕಳಿಸಬಹುದು ಅನ್ನುವ ಮಿತಿಗೆ ವಿಂಡೋ ಅನ್ನುತ್ತಾರೆ. ಅದು ವಿಂಡೋ ಆಗಿಯೇ ಇರಲಿ, ದಯವಿಟ್ಟು ಕಿಟಕಿ ಬೇಡ.

‘ಸ್ಲೋ ಸ್ಟಾರ್ಟ್’ಗೆ ‘ನಿಧಾನ ಆರಂಭ’ ಅಂದರೆ ಮಕ್ಕಳಿಗೆ ಮೋಸವಾಗುತ್ತದೆ. 1988ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ವ್ಯಾನ್ ಜೇಕಬ್ಸನ್ ವಿವರಿಸಿದ ಈ ಉಪಾಯದಲ್ಲಿ ಮೊದಲು ಒಂದು ಪ್ಯಾಕೆಟ್, ಉತ್ತರ ಬಂದ ಮೇಲೆ 2, ಆಮೇಲೆ 4, 8, ಹೀಗೆ ಪ್ರತಿ ಸುತ್ತಿಗೂ ದುಪ್ಪಟ್ಟು. ಇದರಲ್ಲಿ ನಿಧಾನ ಎಲ್ಲಿದೆ? ಅದಕ್ಕೂ ಮುಂಚೆ ಇಡೀ ವಿಂಡೋವನ್ನು ಒಂದೇ ಸಲ ಸುರಿಯುತ್ತಿದ್ದರು, ಅದಕ್ಕೆ ಹೋಲಿಸಿದರೆ ಮಾತ್ರ ನಿಧಾನ. ‘ಸಣ್ಣ ಆರಂಭ’ ನನಗೆ ಒಪ್ಪಿಗೆಯಾಗಿದೆ.

ಕೊನೆಯದು ‘ಇನ್‌ಕಾಸ್ಟ್’. ಡೇಟಾ ಸೆಂಟರಿನಲ್ಲಿ ಒಂದು ಪ್ರೊಸೆಸ್ 40 ಸರ್ವರ್‌ಗಳನ್ನು ಒಟ್ಟಿಗೆ ಪ್ರಶ್ನೆ ಕೇಳಿತು ಅನ್ನಿ. ನಲವತ್ತೂ ಒಂದೇ ಕ್ಷಣಕ್ಕೆ ಉತ್ತರ ಕೊಡುತ್ತವೆ. ಸ್ವಿಚ್ಚಿನ ಆ ಒಂದು ಪೋರ್ಟಿನ ಬಫರ್ ತುಂಬಿ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಲಿನಕ್ಸ್‌ನಲ್ಲಿ ಟಿಸಿಪಿ (ಕಳೆದ ಪ್ಯಾಕೆಟ್‌ಗಳನ್ನು ಮತ್ತೆ ಕಳಿಸಿ ತಲುಪಿಸುವ ವ್ಯವಸ್ಥೆ) ಮತ್ತೆ ಕಳಿಸುವ ಮುಂಚೆ ಕಾಯುವ ಕನಿಷ್ಠ ಅವಧಿ ಸಾಮಾನ್ಯವಾಗಿ 200 ಮಿಲಿಸೆಕೆಂಡ್. ಹೋಗಿಬರಲು ಒಂದು ಮಿಲಿಸೆಕೆಂಡೂ ಬೇಡದ ಜಾಗದಲ್ಲಿ ಇದು ಒಂದು ಯುಗ. ಹೀಗೆ ಎಲ್ಲವೂ ಒಟ್ಟಿಗೆ ನುಗ್ಗುವುದಕ್ಕೆ ‘ಮುಗಿಬೀಳು’ ಹೇಳಿ ಮಾಡಿಸಿದ ಕ್ರಿಯಾಪದ. ಆದರೆ ನಾಮಪದ ಬೇಕಲ್ಲ. ‘ಮುಗಿಬೀಳುವಿಕೆ’ ಬಾಯಲ್ಲಿ ತಿರುಗುವುದಿಲ್ಲ. ‘ಮುತ್ತಿಗೆ’ ಅಂದರೆ ಯಾರೋ ಬೇಕಂತಲೇ ದಾಳಿ ಮಾಡಿದ ಹಾಗೆ, ಇಲ್ಲಿ ಎಲ್ಲರೂ ಕರೆದದ್ದಕ್ಕೇ ಬಂದವರು.

‘ಮುಗಿಬೀಳು’ ಅನ್ನುವುದನ್ನೇ ನಾಮಪದವಾಗಿ ಬಳಸಿದ್ದನ್ನು ನಿಮ್ಮ ಕಡೆ ಯಾರಾದರೂ ಕೇಳಿದ್ದೀರಾ? ಕೊಲ್ಯಾಪ್ಸ್‌ಗೆ ‘ಕುಸಿತ’ ಬಿಟ್ಟು ಬೇರೆ ಚಿಕ್ಕ ಪದ ಹೊಳೆದರೆ ಅದನ್ನೂ ಬರೆಯಿರಿ.