ವಿಜ್ಞಾನ ಪಾಠಕ್ಕೆ ಫೋನು, ಪ್ರೊಜೆಕ್ಟರ್: ನೀವೆಲ್ಲ ಹೇಗೆ ಬಳಸುತ್ತಿದ್ದೀರಿ?

ಪ್ರಶ್ನೆ: ಹಳ್ಳಿಯ ಪ್ರೌಢಶಾಲೆ, 8ರಿಂದ 10ನೇ ತರಗತಿವರೆಗೂ ವಿಜ್ಞಾನ ನನ್ನದೇ. ದಾನಿಯೊಬ್ಬರು ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡಿಸಿದ್ದಾರೆ. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಿಡಿಯೋ ಹಾಕಿದರೆ ಮಕ್ಕಳು ಖುಷಿಯಿಂದ ನೋಡುತ್ತಾರೆ, ಮರುದಿನ ಕೇಳಿದರೆ ಏನೂ ಉಳಿದಿರಲ್ಲ. ಏನು ಮಾಡಲಿ?

ಉತ್ತರ: ವಿಡಿಯೋ ಕಡಿಮೆ ಮಾಡಿ, ಮಕ್ಕಳ ಕೈಯಲ್ಲಿ ಅಳತೆ ಮಾಡಿಸಿ. ನನ್ನ ಸಲಹೆ ಇಷ್ಟೇ. ಫೈಫಾಕ್ಸ್ ಅಂತ ಒಂದು ಆ್ಯಪ್ ಇದೆ, ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಉಚಿತ, ಒಮ್ಮೆ ಹಾಕಿಕೊಂಡರೆ ನೆಟ್ ಬೇಕಾಗಿಲ್ಲ. ಅದರಲ್ಲಿ ಶಬ್ದ ಕೇಳಿದಾಗ ಶುರುವಾಗಿ, ಮತ್ತೆ ಶಬ್ದ ಕೇಳಿದಾಗ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಫೋನನ್ನು 5 ಮೀಟರ್ ದೂರದಲ್ಲಿ ಇಡಿ. ಒಂದು ಫೋನಿನ ಪಕ್ಕ ಒಬ್ಬರು ಸ್ಟೀಲ್ ತಟ್ಟೆ ಬಾರಿಸಲಿ, ಸ್ವಲ್ಪ ಬಿಟ್ಟು ಇನ್ನೊಂದು ಫೋನಿನ ಪಕ್ಕ ಇನ್ನೊಬ್ಬರು ಬಾರಿಸಲಿ. ಎರಡೂ ಫೋನು ತೋರಿಸುವ ಸಮಯ ಒಂದೇ ಇರಲ್ಲ. ಮೊದಲ ಸದ್ದು ದೂರದ ಫೋನಿಗೆ ತಡವಾಗಿ ತಲುಪಿ ಅದು ತಡವಾಗಿ ಶುರುವಾಗುತ್ತದೆ, ಎರಡನೆಯ ಸದ್ದು ಮೊದಲ ಫೋನಿಗೆ ತಡವಾಗಿ ತಲುಪಿ ಅದು ತಡವಾಗಿ ನಿಲ್ಲುತ್ತದೆ. ಹಾಗಾಗಿ ಆ ವ್ಯತ್ಯಾಸ ಶಬ್ದಕ್ಕೆ 5 ಮೀಟರ್ ಎರಡು ಸಲ, ಅಂದರೆ 10 ಮೀಟರ್ ಹೋಗಲು ಬೇಕಾದ ಸಮಯ, ಸುಮಾರು 0.03 ಸೆಕೆಂಡ್. 10ನ್ನು ಅದರಿಂದ ಭಾಗಿಸಿದರೆ ಶಬ್ದದ ವೇಗ ಸಿಗುತ್ತದೆ.

ನಮ್ಮಲ್ಲಿ ಒಂದು ಗುಂಪಿಗೆ ಸೆಕೆಂಡಿಗೆ 333 ಮೀಟರ್ ಬಂತು, ಇನ್ನೊಂದಕ್ಕೆ 400. ಪುಸ್ತಕದಲ್ಲಿ 340ರ ಆಸುಪಾಸು ಇದೆಯಲ್ಲ, ನಮ್ಮದು ಯಾಕೆ ಹೀಗೆ ಅಂತ ವಾದ ಶುರು. ಫೋನು ಸರಿ ಇಲ್ಲ ಅಂದರು, ಗಾಳಿ ಅಂದರು. ಕೊನೆಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ‘ಅವರು ತಟ್ಟೆಯನ್ನ ಎರಡು ಫೋನಿನ ಮಧ್ಯೆ ಹಿಡಿದು ಬಾರಿಸಿದ್ರು ಸರ್, ದೂರ 5 ಮೀಟರ್ ಎಲ್ಲಿ ಬಂತು’ ಅಂದಳು. ನಿಜ, ತಟ್ಟೆ ಒಳಗೆ ಬಂದಷ್ಟೂ ಎರಡು ಫೋನಿನ ಸಮಯದ ವ್ಯತ್ಯಾಸ ಕಡಿಮೆಯಾಗುತ್ತದೆ, ನಾವು ಮಾತ್ರ 10 ಮೀಟರ್ ಅಂತಲೇ ಭಾಗಿಸುತ್ತೇವೆ, ಅದಕ್ಕೆ ವೇಗ ಜಾಸ್ತಿ ಕಾಣುತ್ತದೆ. ತಟ್ಟೆ ಫೋನಿಗೆ ಅಂಟಿದ ಹಾಗೆ ಹಿಡಿದು ಮತ್ತೆ ಮಾಡಿದರು, ಸರಿಹೋಯಿತು. ಯಾವ ವಿಡಿಯೋ ಈ ವಾದ ಹುಟ್ಟಿಸುತ್ತೆ ಹೇಳಿ?

ಇನ್ನೊಂದು ಉತ್ತರ: ಮೇಲಿನವರು ಹೇಳಿದ್ದು ಪೂರ್ತಿ ಒಪ್ಪುತ್ತೇನೆ, ಆದರೆ ಕಣ್ಣಿಗೆ ಕಾಣದ್ದನ್ನು ಅಳೆದು ತೋರಿಸಿದರಷ್ಟೇ ಸಾಲದು. ಅಲ್ಲಿ ನನಗೆ ಫೆಟ್ ಸಿಮ್ಯುಲೇಶನ್‌ಗಳು, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ನಾವೇ ಬದಲಿಸಿ ನೋಡಬಹುದಾದ ಪ್ರಯೋಗಗಳು, ಬೇಕೇ ಬೇಕು. ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು ಇದು. ಹಲವು ಕನ್ನಡದಲ್ಲೂ ಇವೆ. ನೆಟ್ ಇದ್ದಾಗ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಆಮೇಲೆ ಬ್ರೌಸರ್‌ನಲ್ಲೇ ತೆರೆಯುತ್ತದೆ.

10ನೇ ತರಗತಿಯ ವಿದ್ಯುತ್ ಪಾಠ ನೋಡಿ. ಸರಣಿಯಲ್ಲಿ ಎರಡು ಬಲ್ಬ್ ಇದ್ದರೆ ಮೊದಲನೆಯದು ಕರೆಂಟ್ ‘ತಿಂದು’ ಎರಡನೆಯದಕ್ಕೆ ಉಳಿದದ್ದು ಕೊಡುತ್ತದೆ ಅಂತಲೇ ಮುಕ್ಕಾಲು ಮಕ್ಕಳು ನಂಬಿರುತ್ತಾರೆ. ನಾನು ಮೊದಲು ನಿಜವಾದ ಸೆಲ್, ವೈರು, ಬಲ್ಬು ಕೊಡುತ್ತೇನೆ. ಆಮೇಲೆ ಪರದೆಯ ಮೇಲೆ ಅದೇ ಮಂಡಲ ಕಟ್ಟಿ, ಸ್ವಿಚ್ ಒತ್ತುವ ಮುಂಚೆ ಏನಾಗುತ್ತೆ ಅಂತ ಪ್ರತಿಯೊಬ್ಬರಿಂದ ನೋಟ್‌ಬುಕ್ಕಿನಲ್ಲಿ ಬರೆಸುತ್ತೇನೆ. ಬರೆಸದೆ ಸ್ವಿಚ್ ಒತ್ತಬೇಡಿ, ಆಗ ಅದೂ ಇನ್ನೊಂದು ವಿಡಿಯೋ ಆಗಿಬಿಡುತ್ತದೆ. ಎರಡು ಬಲ್ಬಿನ ಆಚೆಗೂ ಈಚೆಗೂ ಎಲೆಕ್ಟ್ರಾನುಗಳು ಒಂದೇ ವೇಗದಲ್ಲಿ ಸಾಗುವುದನ್ನು ನೋಡಿದಾಗ ಅವರು ಬರೆದದ್ದನ್ನು ಅವರೇ ತಿದ್ದುತ್ತಾರೆ. ಎಲೆಕ್ಟ್ರಾನು ನಿಜಕ್ಕೂ ನೀಲಿ ಗುಂಡು ಅಲ್ಲ ಅಂತಲೂ ಹೇಳಿ, ಕೆಲವರು ಹಾಗೇ ಅಂದುಕೊಳ್ಳುತ್ತಾರೆ.

ಮತ್ತೊಬ್ಬರು: ನಮ್ಮಲ್ಲಿ ಸೂಕ್ಷ್ಮದರ್ಶಕ ಒಂದೇ. ಅದರ ಕಣ್ಣುಮಸೂರಕ್ಕೆ ಫೋನಿನ ಕ್ಯಾಮೆರಾ ಹಿಡಿದು ಈರುಳ್ಳಿ ಪೊರೆಯ ಫೋಟೋ ತೆಗೆದು ಪ್ರೊಜೆಕ್ಟರ್‌ಗೆ ಹಾಕುತ್ತೇನೆ. ಕೋಶಭಿತ್ತಿ ಎಲ್ಲಿದೆ ಅಂತ ಮಕ್ಕಳೇ ಗೋಡೆಯ ಹತ್ತಿರ ಬಂದು ಬೆರಳಿಟ್ಟು ತೋರಿಸುತ್ತಾರೆ. ಆದರೆ ಪೊರೆ ಸುಲಿದು ಸ್ಲೈಡ್ ಮಾಡುವುದು ಎಲ್ಲರ ಕೈಯಿಂದಲೂ ಆಗಲೇಬೇಕು.

ಇನ್ನೊಂದು ವಿಷಯ. ಗುಂಪಿನಲ್ಲಿ ಫೋನು ಸುಮ್ನೆ ಹುಡುಗರ ಕೈಗೇ ಹೋಗಿಬಿಡುತ್ತದೆ, ಹುಡುಗಿಯರು ಬರೆಯಲು ಕೂರುತ್ತಾರೆ. ಮನೆಯಲ್ಲೂ ಅವರಿಗೆ ಫೋನು ಸಿಗುವುದು ಕಷ್ಟ, ಅಲ್ವಾ? ಪ್ರತಿ ಪ್ರಯೋಗಕ್ಕೂ ಫೋನು ಹಿಡಿಯುವವರನ್ನು ಬದಲಿಸಿ, ಇದು ನನಗೆ ತುಂಬಾ ಮುಖ್ಯ.

ಕೇಳಿದವರು: ತುಂಬಾ ಉಪಕಾರ. ಶಬ್ದದ ಪ್ರಯೋಗದಿಂದಲೇ ಶುರು ಮಾಡುತ್ತೇನೆ. ಪಕ್ಕದ ತರಗತಿಯ ಗಲಾಟೆಗೆ ಫೋನು ತಾನೇ ಶುರುವಾಗಲ್ವಾ?

ಮೊದಲನೆಯವರು: ಆಗುತ್ತೆ. ಸೆಟ್ಟಿಂಗ್‌ನಲ್ಲಿ ಶಬ್ದದ ಮಿತಿ ಜಾಸ್ತಿ ಮಾಡಿ, ತಟ್ಟೆ ಜೋರಾಗಿ ಬಾರಿಸಲು ಹೇಳಿ. ಆದರೆ ಬಿಸಿಯೂಟದ ಹೊತ್ತಲ್ಲಿ ಮಾತ್ರ ಬೇಡ, ಎಲ್ಲ ಕಡೆ ತಟ್ಟೆ ಸದ್ದೇ ಇರುತ್ತದೆ.