ಕಾನೂನಿನಲ್ಲಿ ಪಿಎಚ್‌ಡಿ: ಖರ್ಚೆಷ್ಟು, ಫೆಲೋಶಿಪ್ ಯಾರಿಗೆ?

ಅಘನಾಶಿನಿ_ತೀರ, ಕುಮಟಾ:
ಎಲ್‌ಎಲ್‌ಎಂ ಮುಗಿಸಿದ ಮೂವರ ಪರವಾಗಿ ಕೇಳುತ್ತಿದ್ದೇನೆ. ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ ಒಬ್ಬಳು, ಹೊನ್ನಾವರದ ಮೀನುಗಾರರ ಮನೆಯ ಹುಡುಗ, ಶಿರಸಿಯಲ್ಲಿ ಕೆಲಸದಲ್ಲಿರುವ ಉಪನ್ಯಾಸಕರು. ಹುಬ್ಬಳ್ಳಿ ನವನಗರದ ರಾಜ್ಯ ಕಾನೂನು ವಿಶ್ವವಿದ್ಯಾಲಯ ಮನಸ್ಸಿನಲ್ಲಿದೆ. ಖರ್ಚನ್ನು ಹೇಗೆ ಲೆಕ್ಕ ಹಾಕುವುದು? ಇಂಥ ಮನೆಯವರಿಗೆ ಫೆಲೋಶಿಪ್ ನಿಜಕ್ಕೂ ಸಿಗ್ತದಾ?

ಘಟ್ಟದ_ಮೇಲೆ, ಶಿರಸಿ:
ಸಿಗ್ತದೆ, ಆದರೆ ಅರ್ಜಿಯ ಹೊತ್ತಿಗೆ ಕಾಗದ ಕೈಯಲ್ಲಿರಬೇಕು.

ಮೊದಲು ಖರ್ಚು. ಪ್ರಕಟಣೆಯಲ್ಲಿ ವಾರ್ಷಿಕ ಶುಲ್ಕ ಒಂದನ್ನೇ ನೋಡಿ ಗುಣಿಸಬೇಡಿ. ನೋಂದಣಿ, ಕೋರ್ಸ್‌ವರ್ಕ್ (ಆರಂಭದಲ್ಲಿ ಮುಗಿಸಬೇಕಾದ ತರಗತಿ ಪಾಠ), ಗ್ರಂಥಾಲಯ, ಕೊನೆಗೆ ಪ್ರಬಂಧ ಸಲ್ಲಿಕೆ, ಎಲ್ಲಕ್ಕೂ ಬೇರೆ ಬೇರೆ ಕಟ್ಟಬೇಕಾಗಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಮೂರಕ್ಕೇ ಲೆಕ್ಕ ಹಾಕಿದವರು ನಾಲ್ಕನೇ ವರ್ಷ ಸಾಲ ಮಾಡಬೇಕಾಗ್ತದೆ. ಐದಕ್ಕೆ ಹಾಕಿ.

ಇನ್ನು ಜೆಆರ್‌ಎಫ್, ಅಂದರೆ ಯುಜಿಸಿಯ ನೆಟ್ ಪರೀಕ್ಷೆಯ ಮೂಲಕ ಸಂಶೋಧಕರಿಗೆ ಸಿಗುವ ಫೆಲೋಶಿಪ್. ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ. ಐದು ವರ್ಷ ಪೂರ್ತಿ ಸಿಕ್ಕರೆ 24 ಲಕ್ಷ, ಮನೆಬಾಡಿಗೆ ಭತ್ಯೆ ಬೇರೆ. ವಯಸ್ಸಿನ ಮಿತಿ 30. ಎಲ್‌ಎಲ್‌ಎಂ ಆದವರಿಗೆ 3 ವರ್ಷ ಸಡಿಲಿಕೆ ಇದೆ, ಇದು ಬಹಳ ಜನರ ಗಮನಕ್ಕೇ ಬರುವುದಿಲ್ಲ. ಮಹಿಳೆಯರಿಗೆ, ಮೀಸಲು ವರ್ಗದವರಿಗೆ 5 ವರ್ಷ.

ಕಾಳಿ_ಸೇತುವೆ, ಕಾರವಾರ:
ಹೊನ್ನಾವರದ ಹುಡುಗ ಎಡವುವುದು ಜಾತಿ ಪ್ರಮಾಣಪತ್ರದಲ್ಲಿ. ನಾಡಕಚೇರಿಯಲ್ಲಿ ಕೊಡುವ ರಾಜ್ಯದ ಪ್ರವರ್ಗ-1 ಅಥವಾ 2ಎ ಪತ್ರ ನೆಟ್ ಪರೀಕ್ಷೆಗೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯಲ್ಲಿ ತಮ್ಮ ಜಾತಿಯ ಹೆಸರು ಯಾವ ಕಾಗುಣಿತದಲ್ಲಿದೆ ನೋಡಿಕೊಂಡು, ಕೆನೆಪದರ (ಒಬಿಸಿಯಲ್ಲಿ ಸ್ಥಿತಿವಂತರ ವರ್ಗ) ಅಲ್ಲ ಎಂಬ ಕೇಂದ್ರದ ನಮೂನೆಯ ಪತ್ರವನ್ನೇ ತಹಶೀಲ್ದಾರರಿಂದ ಪಡೆಯಬೇಕು. ಶಾಲಾ ದಾಖಲೆಯಲ್ಲಿ ಜಾತಿ ಒಂದು ರೀತಿ, ಪತ್ರದಲ್ಲಿ ಇನ್ನೊಂದು ರೀತಿ ಇದ್ದರೆ ಈಗಲೇ ಸರಿಪಡಿಸಿಕೊಳ್ಳಲಿ, ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು.

ಸಿದ್ದಿಯರು 2003ರಿಂದ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡ. ಕೇಂದ್ರ ಬುಡಕಟ್ಟು ಸಚಿವಾಲಯ ವರ್ಷಕ್ಕೆ 750 ಫೆಲೋಶಿಪ್ ಕೊಡ್ತದೆ, ಅದಕ್ಕೆ ನೆಟ್ ಬೇಡ, ಸ್ನಾತಕೋತ್ತರ ಅಂಕದ ಮೇಲೆ ಆಯ್ಕೆ. ಆದರೆ ಪೂರ್ಣಾವಧಿ ಪಿಎಚ್‌ಡಿಗೆ ನೋಂದಣಿ ಆಗಿರಲೇಬೇಕು. ಆ ಹುಡುಗಿ ನೆಟ್‌ಗೆ ಕಾಯುತ್ತ ಒಂದು ವರ್ಷವನ್ನೂ ಕಳೆದುಕೊಳ್ಳಬಾರದು. ಕಾಡಿನ ಅಂಚಿನ ಊರುಗಳಿಂದ ಕಾನೂನು ಸಂಶೋಧನೆಗೆ ಬರುವವರೇ ಕಡಿಮೆ, ಬರುವವರ ದಾರಿ ಸಲೀಸಾಗಲಿ.

ಉಪನ್ಯಾಸಕರಿಗೆ ಅರೆಕಾಲಿಕ ಅಡ್ಡಿಲ್ಲ, ಜೆಆರ್‌ಎಫ್ ಮಾತ್ರ ಇಲ್ಲ. ಸಂಸ್ಥೆಯ ನಿರಾಕ್ಷೇಪಣಾ ಪತ್ರದಲ್ಲಿ ಮೂರು ಮಾತು ಇರಬೇಕು: ಅರೆಕಾಲಿಕ ಓದಿಗೆ ಅನುಮತಿ ಇದೆ, ಸಂಶೋಧನೆಗೆ ಸಾಕಷ್ಟು ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್‌ಗೆ ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ. ಮೂರನೆಯದನ್ನು ಬರೆಯದೆ ಬಿಡುವವರೇ ಹೆಚ್ಚು.

ಬೆಟ್ಟದ_ದಾರಿ, ಸಿದ್ದಾಪುರ:
ಮಾರ್ಗದರ್ಶಕರ ಸೀಟು ಮೊದಲು ಕೇಳಿ. ಪ್ರಾಧ್ಯಾಪಕರ ಕೈಕೆಳಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಮಂದಿಗಷ್ಟೇ ಅವಕಾಶ. ನಿವೃತ್ತಿಗೆ ಮೂರು ವರ್ಷವೂ ಇಲ್ಲದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ.

ಕ್ಷೇತ್ರಕಾರ್ಯದ ಖರ್ಚನ್ನು ವಿಷಯವೇ ತೀರ್ಮಾನಿಸ್ತದೆ. ಉದಾಹರಣೆಗೆ ಅರಣ್ಯ ಹಕ್ಕು ಕಾಯ್ದೆ: ಇತರೆ ಪಾರಂಪರಿಕ ಅರಣ್ಯವಾಸಿಗಳು (ಪರಿಶಿಷ್ಟ ಪಂಗಡದವರಲ್ಲದ ಕಾಡಿನ ಜನ) ಹಕ್ಕು ಪಡೆಯಲು 13 ಡಿಸೆಂಬರ್ 2005ಕ್ಕೆ ಹಿಂದಿನ 75 ವರ್ಷಗಳ ವಾಸ ತೋರಿಸಬೇಕು. ಇಡೀ ಜಿಲ್ಲೆ ಎಂದು ಹೊರಟರೆ ಮುಗಿಯದು, ಒಂದು ತಾಲೂಕಿನ ತಿರಸ್ಕೃತ ಅರ್ಜಿಗಳನ್ನು ಹಿಡಿದರೆ ಕೆಲಸ ಗಟ್ಟಿ. ಆ ಕಡತಗಳ ಪ್ರತಿ ಕೇಳುವ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2. 1,500 ಪುಟಕ್ಕೆ 3,000. ಉತ್ತರಕ್ಕೆ 30 ದಿನ, ಬಾರದಿದ್ದರೆ ಮೇಲ್ಮನವಿ. ಹಾಗಾಗಿ ಕೋರ್ಸ್‌ವರ್ಕ್ ನಡೆಯುವಾಗಲೇ ಅರ್ಜಿ ಹಾಕಿಬಿಡಿ.

ಅಘನಾಶಿನಿ_ತೀರ:
ಶಿರಸಿಯಿಂದ ಹುಬ್ಬಳ್ಳಿಗೆ ದಿನಾ ಹೋಗಿ ಬರಬಹುದಾ?

ಘಟ್ಟದ_ಮೇಲೆ:
100 ಕಿ.ಮೀ. ಆಸುಪಾಸು, ದಿನಾ ಆಗದ ಮಾತು. ಕೋರ್ಸ್‌ವರ್ಕ್ ಮುಗಿಯುವವರೆಗೆ ಹಾಸ್ಟೆಲ್ ಅಥವಾ ರೂಮು ಹಿಡಿಯಲಿ. ಯಲ್ಲಾಪುರದವಳಿಗೆ ಶಕ್ತಿ ಯೋಜನೆ ಇದೆ, ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸಿಗೆ ದುಡ್ಡು ಬೇಡ, ಆಧಾರ್ ಚೀಟಿ ಜೊತೆಗಿರಲಿ.